ತೆರೆದ ಗೇಟಿನ ಮುಂದೆ ನಿಂತಿದ್ದವರು

ಆಗದ ಮಾತು ಎಂದು ನನಗೆ ಹೇಳಿದವರು ಇಬ್ಬರು. ಮೊದಲನೆಯವರು ನನ್ನ ದೊಡ್ಡಪ್ಪ. ರಾಣೆಬೆನ್ನೂರಿನ ನಮ್ಮ ಸೈಕಲ್ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂತು, "ಪಂಚರ್ ತಗಿಯೋರ ಮನ್ಯಾಗ ಡಿಗ್ರಿ ಎಲ್ಲಿಂದ ಬರತೈತಿ, ಆಗದ ಮಾತು" ಎಂದಿದ್ದರು. ಅವರನ್ನು ನಾನು ಯಾವತ್ತೋ ಮನ್ನಿಸಿದ್ದೇನೆ. ಹಾಗೆ ಅಂದ ವಾರದಲ್ಲೇ ಯಾರದೋ ಮನೆಯ ಹಳೇ ಪಿಯುಸಿ ಪುಸ್ತಕಗಳನ್ನು ಗೋಣಿಚೀಲದಲ್ಲಿ ಕಟ್ಟಿ ತಂದು ನನ್ನ ಮುಂದೆ ಸುರಿದವರೂ ಅವರೇ.

ಎರಡನೆಯವರು ಇವರು. ನೆದರ್ಲೆಂಡ್ಸಿನ ನೈಮೆಗನ್ ಊರಿನಲ್ಲಿ ಚಿಪ್ ತಯಾರಿಸುವ ಒಂದು ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಊರಿನ ಕನ್ನಡಿಗರ ನಡುವೆ ಅದಕ್ಕಿಂತ ದೊಡ್ಡ ಹುದ್ದೆಯಲ್ಲಿದ್ದೇನೆಂದು ತಾವೇ ನಂಬಿಕೊಂಡಿದ್ದರು. ಹೋದ ತಿಂಗಳು ನಿವೃತ್ತರಾದರಂತೆ. ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಸಂದೇಶ ಬಂತು: ಸರ್ ಬಗ್ಗೆ ಪ್ರತಿಯೊಬ್ಬರೂ ಒಂದು ಪುಟ ಬರೆದುಕೊಡಿ, ಪುಸ್ತಕ ಮಾಡಿ ಅವರಿಗೆ ಅರ್ಪಿಸೋಣ. ನಾನೂ ಕೂತು ಬರೆದೆ. ಅದು ಒಂದು ಪುಟಕ್ಕೆ ನಿಲ್ಲಲಿಲ್ಲ. ಅರ್ಪಿಸುವ ಹಾಗೂ ಆಗಲಿಲ್ಲ. ಹೆಸರು ಮಾತ್ರ ಹಾಕುತ್ತಿಲ್ಲ. ಹೆಸರು ಹಾಕಿದರೆ ಅದನ್ನೂ ಒಂದು ಗೌರವವೆಂದು ತಿಳಿದುಕೊಳ್ಳುವ ಮನುಷ್ಯ.

ಅವರನ್ನು ಕಂಡವರಿಗೆಲ್ಲ ಮೊದಲು ನೆನಪಾಗುವುದು ಅಂಗಿಯ ಜೇಬಿನ ಪೆನ್ನು. ಹಸಿರು ಶಾಯಿಯದು. ಮಾತಾಡುವಾಗ ಅದನ್ನು ತೆಗೆದು ಟಿಕ್ ಎನ್ನಿಸುತ್ತಿದ್ದರು, ಇನ್ನೇನು ಬರೆಯುತ್ತಾರೆ ಅನ್ನುವಷ್ಟರಲ್ಲಿ ಮತ್ತೆ ಟಿಕ್ ಎನ್ನಿಸಿ ಜೇಬಿಗೆ ಇಡುತ್ತಿದ್ದರು. ಆ ಪೆನ್ನು ಕಾಗದಕ್ಕೆ ತಾಗಿದ್ದನ್ನು ಕಂಡವರು ಕಡಿಮೆ.

ಡಚ್ಚರ ಆಫೀಸಿನಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ಚಹಾ ಯಂತ್ರ ರಿಪೇರಿ ಮಾಡುವವನೂ ನಿರ್ದೇಶಕನನ್ನು ಹಾಗೆಯೇ ಕರೆಯುತ್ತಾನೆ. ಇವರೂ ಅವರೊಂದಿಗೆ ಎರಡಕ್ಷರದ ಅಡ್ಡಹೆಸರು ಇಟ್ಟುಕೊಂಡು ನಗುನಗುತ್ತ ಇರುತ್ತಿದ್ದರು. ನಾನು ಇಂಟರ್ನ್‌ಶಿಪ್ಪಿಗೆ ಸೇರಿದ ಮೊದಲ ದಿನ, ಎಲ್ಲರೂ ಕರೆದ ಹಾಗೆ ಕರೆದೆ. ಕಾರಿಡಾರಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ನೋಡಮ್ಮ, ಅದೆಲ್ಲ ಅವರಿಗೆ. ನಮ್ಮೋರು ಸರ್ ಅಂತಾರೆ."

ಅಂದಿನಿಂದ ಸರ್.

ಅವರ ಮನೆಯಲ್ಲಿ ಒಂದು ಲ್ಯಾಮಿನೇಷನ್ ಯಂತ್ರವಿತ್ತು. ದಸರಾಕ್ಕೆ ಕರೆದಿದ್ದಾಗ ಗೊಂಬೆಗಳಿಗಿಂತ ಮೊದಲು ಅದನ್ನು ತೋರಿಸಿದರು. ಮೂರು ತಲೆಮಾರಿನ ಡಿಗ್ರಿ ಸರ್ಟಿಫಿಕೇಟುಗಳ ನಕಲು, ತಾತನದು, ಅಪ್ಪನದು, ತಮ್ಮದು, ಎಲ್ಲವನ್ನೂ ಲ್ಯಾಮಿನೇಷನ್ ಮಾಡಿ ಮೆಟ್ಟಿಲ ಪಕ್ಕದ ಗೋಡೆಗೆ ಸಾಲಾಗಿ ಹಾಕಿದ್ದರು. "ನಿಮ್ಮನೇಲಿ ಯಾರ್ಯಾರು ಓದಿದ್ದಾರಮ್ಮ?" ಎಂದು ಕೇಳಿದರು. "ನಾನೇ ಮೊದಲು ಸರ್" ಎಂದೆ. "ಓ" ಎಂದರು. ಅಷ್ಟೇ. ಆ 'ಓ' ಎಷ್ಟು ಉದ್ದವಿತ್ತೆಂದರೆ, ಅವರ ಹೆಂಡತಿ ಅಡುಗೆಮನೆಯಿಂದ ಬಂದು ನನ್ನ ತಟ್ಟೆಗೆ ಇನ್ನೊಂದು ಒಬ್ಬಟ್ಟು ಹಾಕಿ ಹೋದರು.

ಈಗ ನನ್ನ ವಿಷಯ. ನಾನು ಅಲ್ಲಿ ಮಾಸ್ಟರ್ಸ್ ಎರಡನೇ ವರ್ಷದಲ್ಲಿದ್ದೆ. ಪ್ರಬಂಧಕ್ಕಾಗಿ ಇವರ ಕಂಪನಿಯಲ್ಲಿ ಕೆಲಸ, ಕಂಪನಿ ಕಡೆಯ ಮಾರ್ಗದರ್ಶಕರು ಇವರು. ಸೇರಿ ಆರು ತಿಂಗಳಿಗೆ ಕೊರೊನಾ ಬಂತು, ಕಟ್ಟಡ ಮುಚ್ಚಿತು, ಎಲ್ಲರೂ ಮನೆಯ ಪರದೆಗಳೊಳಗೆ ಸೇರಿದರು. ನನ್ನ ವಿದ್ಯಾರ್ಥಿ ಕೋಣೆಯ ಮಂಚದ ಮೇಲೆ ಇಸ್ತ್ರಿ ಹಲಗೆ ಇಟ್ಟುಕೊಂಡು ನಾನು ಕೆಲಸ ಮುಗಿಸಿದೆ. ಪ್ರಬಂಧವೂ ಮುಗಿಯಿತು. ಉಳಿದದ್ದು ಒಂದು ಮೌಲ್ಯಮಾಪನದ ಫಾರ್ಮು, ಅದರ ಕೆಳಗೆ ಇವರ ಸಹಿ. ಆಗಸ್ಟ್ ಕೊನೆಯೊಳಗೆ ಎಲ್ಲ ಸಲ್ಲಿಸಿದರೆ ಡಿಗ್ರಿ. ಇಲ್ಲವಾದರೆ ಇನ್ನೊಂದು ವರ್ಷಕ್ಕೆ ಹೆಸರು ಹಚ್ಚಬೇಕು, ಶುಲ್ಕ ಕಟ್ಟಬೇಕು. ಅದು ನಮ್ಮಿಂದ ಸಾಧ್ಯವೇ ಇರಲಿಲ್ಲ. ಎಂದರೆ ಬರಿಗೈಯಲ್ಲಿ ರಾಣೆಬೆನ್ನೂರು.

ಏಪ್ರಿಲ್‌ನಿಂದ ಫಾರ್ಮು ಕಳಿಸುತ್ತಿದ್ದೆ. "ನೋಡ್ತೀನಮ್ಮ." ಮೇ ತಿಂಗಳಲ್ಲಿ, "ಪ್ರಿಂಟ್ ತಗೊಂಡು ಓದಬೇಕು, ಸ್ಕ್ರೀನಲ್ಲಿ ಓದಿ ಸಹಿ ಹಾಕೋನಲ್ಲ ನಾನು." ಜೂನ್‌ನಲ್ಲಿ, "ಮುಖಾಮುಖಿ ಕೂತು ಮಾತಾಡ್ಬೇಕು." ಫಾರ್ಮಿನಲ್ಲಿ ಅವರ ಜಾಗದ ಪಕ್ಕ ಸಣ್ಣ ಅಕ್ಷರದಲ್ಲಿ 'ಐಚ್ಛಿಕ' ಎಂಬರ್ಥದ ಪದವೊಂದಿತ್ತು. ನಾನೇ ಒಮ್ಮೆ ಅಂಜುತ್ತಲೇ ಕೇಳಿದ್ದೆ. ಪರದೆಯಲ್ಲಿ ಅವರು ನಕ್ಕರು. "ಬರೆದಿರ್ತಾರೆ ಹಾಗೆ. ಇಲ್ಲಿ ಸಿಸ್ಟಮ್ ಬೇರೆ. ಸಿಸ್ಟಮ್ ಗೊತ್ತಿರಬೇಕು."

ನಾನು ನಂಬಿದೆ. ಯಾಕೆ ನಂಬಿದೆ ಎಂದರೆ ನನ್ನ ಅಪ್ಪ ಹಾಗೆ ಬದುಕಿದವನು. ನಾನು ಏಳನೇ ತರಗತಿಯಲ್ಲಿದ್ದಾಗ ವಿದ್ಯಾರ್ಥಿವೇತನದ ಅರ್ಜಿಗೆ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕಿತ್ತು. ನಮಗೆ ಗೊತ್ತಿದ್ದ ಗೆಜೆಟೆಡ್ ಅಧಿಕಾರಿ ಎಂದರೆ ದನದ ಆಸ್ಪತ್ರೆಯ ಡಾಕ್ಟರು. ಅಪ್ಪ ಅಂಗಡಿ ಮುಚ್ಚಿ ಬೆಳಿಗ್ಗೆ ಆರಕ್ಕೆ ಅವರ ಮನೆ ಮುಂದೆ ನಿಂತ. ನಾನೂ ಜೊತೆಗಿದ್ದೆ. ಹತ್ತಕ್ಕೆ ಬಾಗಿಲು ತೆರೆಯಿತು. ಡಾಕ್ಟರು ಕಾಗದ ನೋಡಿ, ಮೂಲೆಯಲ್ಲಿ ಅಪ್ಪನ ಹೆಬ್ಬೆರಳಿನ ಗ್ರೀಸ್ ಕಲೆ ಕಂಡು, "ಹೊಲಸು ಕಾಗದಕ್ಕ ಸಹಿ ಮಾಡಂಗಿಲ್ಲ, ಇನ್ನೊಂದು ಝೆರಾಕ್ಸ್ ಮಾಡಿಸ್ಕೊಂಡು ನಾಳೆ ಬಾ" ಎಂದರು. ಅಪ್ಪ "ಆತ್ರಿ ಸಾಹೇಬ್ರ" ಎಂದ. ಮರುದಿನ ಸೋಪು ಹಚ್ಚಿ, ಕಲ್ಲಿಗೆ ಬೆರಳು ತಿಕ್ಕಿ, ಕಾಗದವನ್ನು ಟವೆಲ್ಲಿನಲ್ಲಿ ಹಿಡಿದುಕೊಂಡು ಹೋದ. ಅಂಥವನ ಮಗಳು ನಾನು. ಸಹಿ ಬೇಡ ಎಂದು ಕಾಗದವೇ ಹೇಳಿದರೂ ನಂಬಿಕೆ ಬರುವುದು ಹೇಗೆ?

ಜುಲೈ ತಿಂಗಳಲ್ಲಿ ನೈಮೆಗನ್ನಿನಲ್ಲಿ ಪ್ರತಿ ವರ್ಷ ನಾಲ್ಕು ದಿನಗಳ ದೊಡ್ಡ ನಡಿಗೆ ನಡೆಯುತ್ತದೆ, ಜಗತ್ತಿನಿಂದೆಲ್ಲ ಜನ ಬರುತ್ತಾರೆ. ಆ ವರ್ಷ ಅದು ರದ್ದಾಯಿತು. ಇವರು ಗುಂಪಿಗೆ ಸಂದೇಶ ಹಾಕಿದರು: ಚಿಂತೆ ಬೇಡ, ನಾವೇ ಒಂದು ದಿನದ ನಡಿಗೆ ಮಾಡೋಣ, ನದಿ ಏರಿಯ ಮೇಲೆ ಹದಿನಾರು ಕಿಲೋಮೀಟರ್, ಮಧ್ಯಯುಗದ ಕೋಟೆಯವರೆಗೆ, ಕೋಟೆಯವರಿಂದ ವಿಶೇಷ ಅನುಮತಿ ಪಡೆದಿದ್ದೇನೆ, ಪೂರೈಸಿದವರಿಗೆ ಸರ್ಟಿಫಿಕೇಟ್. ನನಗೆ ಪ್ರತ್ಯೇಕವಾಗಿ ಬರೆದರು: "ಫಾರ್ಮ್ ತಗೊಂಡು ಬಾ."

ಆರು ಜನ ಹೊರಟೆವು. ಇವರು, ಇವರ ಹೆಂಡತಿ, ಹೊಸದಾಗಿ ಬಂದಿದ್ದ ಮೈಸೂರಿನ ಒಂದು ಜೋಡಿ, ನಾನು, ನನ್ನ ಗೆಳತಿ ರುಖಿಯಾ. ರುಖಿಯಾ ತುಮಕೂರಿನವಳು, ಅದೇ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಅವಳು ಬಂದದ್ದು ಕೋಟೆಗಾಗಿ ಅಲ್ಲ, "ನೀನು ಆ ಮನುಷ್ಯನ ಮುಂದೆ ಕೈಕಟ್ಟಿ ನಿಲ್ಲೋದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು" ಎಂದು.

ಗುಡ್ಡವೇ ಇಲ್ಲದ ದಾರಿಗೆ ಇವರು ಎರಡು ಬೆಟ್ಟ ಹತ್ತುವ ಕೋಲು ತಂದಿದ್ದರು. ಆಗಾಗ ಒಂದನ್ನು ಅಡ್ಡ ಹಿಡಿದು, ಅಂತರ ಒಂದೂವರೆ ಮೀಟರ್ ಇದೆಯೇ ಎಂದು ನಮ್ಮ ನಡುವೆ ಅಳೆಯುತ್ತಿದ್ದರು. ಕೊರಳಲ್ಲಿ ಲ್ಯಾಮಿನೇಷನ್ ಮಾಡಿದ ನಕ್ಷೆ. ಏರಿಯ ಒಂದು ಬದಿಗೆ ಅಗಲವಾದ ವಾಲ್ ನದಿ, ಅದರ ಮೇಲೆ ಮರಳು ತುಂಬಿದ ದೋಣಿಗಳು, ಇನ್ನೊಂದು ಬದಿಗೆ ಕುರಿಗಳು, ಹಣ್ಣಿನ ತೋಟಗಳು, ಕೆಂಪು ಹಂಚಿನ ಮನೆಗಳು. ಅಪ್ಪ ಜೊತೆಗಿದ್ದಿದ್ದರೆ ಎದುರಿಗೆ ಬರುವ ಪ್ರತಿ ಸೈಕಲ್ಲಿನ ಚೈನು ನೋಡುತ್ತಿದ್ದ ಎಂದುಕೊಂಡು ನಾನು ನಡೆದೆ. ನನ್ನ ಬೆನ್ನುಚೀಲದಲ್ಲಿ, ಚಪಾತಿ ಡಬ್ಬಿಗೆ ತಾಗದಂತೆ, ಪ್ಲಾಸ್ಟಿಕ್ ಫೈಲಿನೊಳಗೆ ಫಾರ್ಮು.

"ಸರ್, ಆ ಫಾರ್ಮು..."

"ನಡೆಯೋವಾಗ ಆಫೀಸ್ ಮಾತು ಬೇಡಮ್ಮ. ಕೋಟೇಲಿ ನೋಡೋಣ."

ಆ ದೇಶದಲ್ಲಿ ದಾರಿ ತಪ್ಪುವುದು ಕಷ್ಟ. ಪ್ರತಿ ತಿರುವಿನಲ್ಲೂ ಒಂದು ಕಂಬ, ಕಂಬದ ಮೇಲೆ ಅಂಕಿ, ಬಾಣ. ಒಂದು ಅಂಕಿಯಿಂದ ಮುಂದಿನ ಅಂಕಿಗೆ ನಡೆದರೆ ಕುರಿಯೂ ಕೋಟೆ ತಲುಪುತ್ತದೆ. ಇವರು ತಪ್ಪಿಸಿದರು. ಎರಡನೇ ಹಳ್ಳಿ ದಾಟಿದ ಮೇಲೆ ಮೈಸೂರಿನ ಹುಡುಗ ಹೇಳಿದ, "ಸರ್, ಬಾಣ ಎಡಕ್ಕಿದೆ."

"ಅದು ಸೈಕಲ್‌ನೋರಿಗೆ."

"ನಡೆಯೋ ಮನುಷ್ಯನ ಚಿತ್ರ ಇದೆ ಸರ್."

"ನಾನು ಈ ದಾರೀಲಿ ಐದು ವರ್ಷದ ಹಿಂದೆ ಬಂದಿದ್ದೀನಿ ಕಣಪ್ಪಾ. ಈ ನಕ್ಷೆ ನೋಡು."

ನಕ್ಷೆಯಲ್ಲಿದ್ದ ಅಂಕಿಗಳು ಬದಲಾಗಿದ್ದವು. ಬಲಕ್ಕೆ ಹೋದೆವು. ತುರಿಕೆ ಸೊಪ್ಪಿನ ನಡುವೆ ಮುಕ್ಕಾಲು ಗಂಟೆ ನಡೆದು ಒಂದು ಹಳೇ ಇಟ್ಟಿಗೆ ಕಾರ್ಖಾನೆಯ ಹಿಂಬದಿಯ ತಂತಿಬೇಲಿಗೆ ಮುಖ ಕೊಟ್ಟು ನಿಂತೆವು. ಅವರು ಬೇಲಿ ನೋಡಿದರು, ನಕ್ಷೆ ನೋಡಿದರು. "ಏನೋ ರಿಪೇರಿ ನಡೀತಿದೆ, ದಾರಿ ಮುಚ್ಚಿದ್ದಾರೆ" ಎಂದರು. ರಿಪೇರಿಯ ಗುರುತು ಎಲ್ಲೂ ಇರಲಿಲ್ಲ. ಮೈಸೂರಿನ ಹುಡುಗಿ ಕಾಲು ಕೆರೆದುಕೊಳ್ಳುತ್ತಿದ್ದಳು. ಬಂದ ದಾರಿಯಲ್ಲೇ ವಾಪಸ್ಸು ಹೊರಟಾಗ ಇವರು ಮುಂದೆ ಬಂದು ನಮ್ಮನ್ನು ದಾಟಿಕೊಂಡರು, ವಾಪಸ್ಸು ಹೋಗುವಾಗಲೂ ತಾವೇ ಮುಂದಿರಬೇಕಲ್ಲ.

ದಾರಿಯಲ್ಲೊಂದು ಕೆಫೆಯ ಹೊರಗೆ ಕುರ್ಚಿಗಳಿದ್ದವು. ಅವರ ಹೆಂಡತಿ, "ರೀ, ಹತ್ತು ನಿಮಿಷ ಕೂರೋಣ, ಟಾಯ್ಲೆಟ್ಟೂ ಇರುತ್ತೆ" ಎಂದರು. "ಹೊತ್ತಾಗಿದೆ, ಕೋಟೆಯೋರು ಕಾಯ್ತಿರ್ತಾರೆ" ಎಂದರು ಇವರು. ಆಕೆ ಸುಮ್ಮನಾದರು. ಸುಮ್ಮನಾಗಿ ಆಕೆಗೆ ರೂಢಿಯಿತ್ತು. ರುಖಿಯಾ ನನ್ನ ಕಿವಿಯಲ್ಲಿ, "ನಂಗೆ ಅರ್ಜೆಂಟಾಗಿದೆ ಕಣೇ, ಈ ಯಪ್ಪನ ಕೋಟೆ ಬೇಗ ಬರದಿದ್ರೆ ಚರಿತ್ರೆ ಆಗಿಬಿಡುತ್ತೆ" ಎಂದಳು.

ಕೋಟೆ ಬಂತು. ಸುತ್ತ ಹಸಿರು ನೀರಿನ ಕಂದಕ, ಇಟ್ಟಿಗೆಯ ಗೋಪುರಗಳು, ಮರದ ಸೇತುವೆ, ಸೇತುವೆಗೂ ಮೊದಲು ಒಂದು ಕಬ್ಬಿಣದ ಗೇಟು. ಗೇಟು ಹಾರು ಹೊಡೆದಿತ್ತು. ಮಕ್ಕಳನ್ನು ಕರೆದುಕೊಂಡ ಡಚ್ ಸಂಸಾರಗಳು ಸಲೀಸಾಗಿ ಒಳಗೆ ಹೋಗುತ್ತಿದ್ದವು, ಹೊರಗೆ ಬರುತ್ತಿದ್ದವು. ಪಕ್ಕದಲ್ಲಿ ಒಬ್ಬ ವಯಸ್ಸಾದ ಹೆಂಗಸು ಮೊಣಕಾಲೂರಿ ಹೂವಿನ ಪಾತಿಯ ಕಳೆ ಕೀಳುತ್ತಿದ್ದರು.

ಇವರು ಗೇಟಿನ ಮುಂದೆ ನಿಂತರು. ಚೀಲದಿಂದ ಲ್ಯಾಮಿನೇಷನ್ ಮಾಡಿದ ಒಂದು ಇಮೇಲ್ ತೆಗೆದು ಆ ಹೆಂಗಸಿಗೆ ದೂರದಿಂದಲೇ ಚಾಚಿದರು. ಮ್ಯಾನೇಜರನ್ನು ಕರೆಯಿರಿ, ನಮಗೆ ವಿಶೇಷ ಅನುಮತಿ ಇದೆ ಎಂದರು. ಆಕೆ ಕನ್ನಡಕ ಏರಿಸಿ ಓದಿದರು. ನಾನೂ ಇಣುಕಿ ಓದಿದೆ. ಕಟ್ಟಡದ ಒಳಭಾಗ ಕೊರೊನಾದಿಂದ ಮುಚ್ಚಿದೆ, ಆವರಣಕ್ಕೆ ಯಾರು ಬೇಕಾದರೂ ಬರಬಹುದು, ಸ್ವಾಗತ ಎಂದಿತ್ತು. ಅಷ್ಟೇ.

"ಹೆವೋನ್ ಡೋರ್‌ಲೋಪನ್" ಎಂದರು ಆಕೆ, ಮಣ್ಣಾದ ಕೈಯನ್ನು ಗೇಟಿನ ಕಡೆ ಬೀಸಿ. ಸುಮ್ಮನೆ ನಡೆದುಬಿಡಿ.

ಇವರು ನಡೆಯಲಿಲ್ಲ. ಮ್ಯಾನೇಜರ್ ಬರಬೇಕು ಎಂದರು. ಆಕೆ, ಇವತ್ತು ಭಾನುವಾರ, ಅವರು ಬರುವುದಿಲ್ಲ, ಕಾಗದ ಏನೂ ಬೇಡ, ಹೋಗಿ ಎಂದರು. ಇವರು ನಮ್ಮ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು: "ತೋಟದ ಕೆಲಸದೋಳು. ಇವಳಿಗೆ ಸಿಸ್ಟಮ್ ಗೊತ್ತಿಲ್ಲ. ಆಫೀಸಿಗೆ ಫೋನ್ ಮಾಡ್ತೀನಿ."

ಅವರ ಚೀಲದಲ್ಲಿ ಆರು ಸರ್ಟಿಫಿಕೇಟುಗಳಿದ್ದವು, ನಮ್ಮ ಹೆಸರು ಅಚ್ಚು ಹಾಕಿ, ಲ್ಯಾಮಿನೇಷನ್ ಮಾಡಿ. ಕೋಟೆಯ ಅಂಗಳದಲ್ಲಿ ಮ್ಯಾನೇಜರನ ಕೈಯಿಂದ ಕೊಡಿಸಿ ಫೋಟೋ ತೆಗೆಸುವುದು ಅವರ ಯೋಜನೆ. ಹಾಗಾಗಿ ಆರು ಜನ, ಹತ್ತೊಂಬತ್ತು ಕಿಲೋಮೀಟರ್ ನಡೆದವರು, ತೆರೆದ ಗೇಟಿನ ಹೊರಗೆ ಒಂದೂವರೆ ಮೀಟರ್ ಅಂತರದಲ್ಲಿ ಸಾಲಾಗಿ ನಿಂತೆವು. ಫೋನು ಯಾರೂ ಎತ್ತಲಿಲ್ಲ. ಬಿಸಿಲು ನೆತ್ತಿಗೆ ಬಂತು.

"ಏನ್ರೀ, ಗೇಟು ತೆಗೆದೇ ಇದೆಯಲ್ಲ್ರೀ" ಎಂದರು ಅವರ ಹೆಂಡತಿ.

"ನಿಂಗೆ ಗೊತ್ತಾಗಲ್ಲ, ಸುಮ್ನಿರು."

ರುಖಿಯಾ ತಡೆಯಲಾರದೆ, "ಸರ್, ನೀವು ಅನುಮತಿ ತಗೊಳ್ತಿರಿ, ನಾನು ಟಾಯ್ಲೆಟ್ಟಿಗೆ ಹೋಗ್ತಿರ್ತೀನಿ" ಎಂದು ದುಪಟ್ಟಾ ಸರಿಮಾಡಿಕೊಂಡು ಸೀದಾ ಒಳಗೆ ನಡೆದಳು. ಯಾರೂ ತಡೆಯಲಿಲ್ಲ. ತಡೆಯುವವರು ಅಲ್ಲಿ ಯಾರಿದ್ದರು?

ನಾನು ಮಾತ್ರ ಉಳಿದೆ. ಕೋಟೇಲಿ ನೋಡೋಣ ಎಂದಿದ್ದರಲ್ಲ, ಕೋಟೆ ಬಂದಿದೆಯಲ್ಲ. ಫೈಲು ತೆಗೆದೆ. ಅವರು ಪೆನ್ನು ತೆಗೆದರು. ಟಿಕ್. ಫಾರ್ಮನ್ನು ಗೇಟಿನ ಕಂಬಕ್ಕೆ ಒತ್ತಿ ಹಿಡಿದು, ಪೆನ್ನಿನ ಮೊನೆಯನ್ನು ಸಹಿಯ ಗೆರೆಯ ಮೇಲೆ ತಂದರು. ಟಿಕ್.

"ಇಲ್ಲಿ ಟೇಬಲ್ ಇಲ್ಲ. ಸಹಿ ಅಂದ್ರೆ ತಮಾಷೆ ಅಲ್ಲಮ್ಮ. ಮುಂದಿನ ತಿಂಗಳು ಕೂತು ನೋಡೋಣ." ಫಾರ್ಮನ್ನು ತಮ್ಮ ಚೀಲದೊಳಗೆ ಇಟ್ಟುಕೊಂಡರು. ಆಮೇಲೆ, ಬಹಳ ಮೃದುವಾಗಿ, "ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಆಗಸ್ಟಲ್ಲಿ ಮುಗಿಸೋದು ಆಗದ ಮಾತು. ಓದಿದ ಮನೆಯಿಂದ ಬಂದೋರಿಗೇ ಕಷ್ಟ. ನಿಮ್ಮಂಥೋರಿಗೆ ಒಂದು ವರ್ಷ ಎಕ್ಸ್ಟ್ರಾ ಬೇಕೇ ಬೇಕು."

ನಾನು "ಆಯ್ತು ಸರ್" ಎಂದೆ. ನನ್ನ ಬಾಯಿಂದ ಬಂದದ್ದು ಅಪ್ಪನ "ಆತ್ರಿ ಸಾಹೇಬ್ರ". ಅದೇ ದನಿ, ಅದೇ ತಗ್ಗಿದ ಕುತ್ತಿಗೆ. ಅದು ಕಿವಿಗೆ ಬಿದ್ದ ಕೂಡಲೇ ನನ್ನ ಮೇಲೆ ನನಗೇ ಹೇಸಿಗೆ ಆಯಿತು. ಬೆನ್ನು ತಿರುಗಿಸಿ ಗೇಟು ದಾಟಿದೆ.

ರುಖಿಯಾ ಕಂದಕದ ದಡದಲ್ಲಿ ಬೂಟು ಬಿಚ್ಚಿ ಹುಲ್ಲಿನ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದಳು. "ಏನೇ, ನಿಮ್ಮ ಸರ್‌ಗೆ ಇನ್ನೂ ವೀಸಾ ಸಿಗ್ಲಿಲ್ವಾ?" ಎಂದಳು. ನನ್ನ ಮುಖ ನೋಡಿ ಚಹಾ ಕೊಟ್ಟಳು. ಎಲ್ಲ ಹೇಳಿದೆ.

"ಆ ಸಹಿ ಇಲ್ದೆ ಆಗಲ್ಲ ಅಂತ ಯಾರು ಹೇಳಿದ್ದು?"

"ಸರ್."

"ಸರ್ ಬಿಟ್ಟು?"

ನಾಲ್ಕು ತಿಂಗಳಲ್ಲಿ ನಾನು ಇನ್ನೊಬ್ಬರನ್ನು ಕೇಳಿರಲೇ ಇಲ್ಲ. ಮೇಲಿನವರು ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳುವುದು ಅವರಿಗೆ ಮಾಡುವ ಅವಮಾನ ಎಂದು ತಿಳಿದು ಬೆಳೆದವಳು ನಾನು. ಅಲ್ಲೇ ಹುಲ್ಲಿನ ಮೇಲೆ ಕೂತು ವಿಶ್ವವಿದ್ಯಾಲಯದ ಕಡೆಯಿಂದ ನನ್ನ ಪ್ರಬಂಧ ನೋಡಿಕೊಳ್ಳುತ್ತಿದ್ದ ಪ್ರಾಧ್ಯಾಪಕಿಗೆ ಮೊಬೈಲಿನಲ್ಲಿ ಎರಡು ಸಾಲು ಬರೆದೆ. ತಲೆಯೆತ್ತಿ ನೋಡಿದರೆ ಮೈಸೂರಿನ ಜೋಡಿಯೂ ಒಳಗೆ ಬಂದಿತ್ತು, ಅವರ ಹಿಂದೆ ಇವರ ಹೆಂಡತಿಯೂ. ಗೇಟಿನ ಹೊರಗೆ ಇವರೊಬ್ಬರೇ, ಎರಡು ಕೋಲು ಊರಿ, ಕಿವಿಗೆ ಫೋನು ಹಿಡಿದು ನಿಂತಿದ್ದರು. ಕಳೆ ಕೀಳುತ್ತಿದ್ದ ಹೆಂಗಸು ಅವರ ಕಾಲಿನ ಪಕ್ಕದ ಪಾತಿಗೆ ಬಂದಿದ್ದರು.

ಕೊನೆಗೂ ಅವರು ಒಳಗೆ ಬರಲಿಲ್ಲ. ನಾವೇ ಹೊರಗೆ ಬಂದೆವು, ಮಾಸ್ಕ್ ಹಾಕಿಕೊಂಡು ಬಸ್ಸು ಹತ್ತಿದೆವು. ಸರ್ಟಿಫಿಕೇಟ್ ಯಾರಿಗೂ ಕೊಡಲಿಲ್ಲ, ಕಾರ್ಯಕ್ರಮ ವಿಧಿಪ್ರಕಾರ ಪೂರ್ಣವಾಗಲಿಲ್ಲವಂತೆ.

ಸೋಮವಾರ ಬೆಳಿಗ್ಗೆ ಪ್ರಾಧ್ಯಾಪಕಿಯ ಉತ್ತರ ಬಂತು. ಆ ಸಹಿ ಬೇಕಾಗಿಲ್ಲ, ಕಂಪನಿಯವರದು ಅಭಿಪ್ರಾಯ ಮಾತ್ರ, ಕೊಟ್ಟರೆ ಓದುತ್ತೇವೆ. ನಿನ್ನ ಮಂಡನೆಗೆ ಯಾವ ದಿನ ಅನುಕೂಲ? ಕೆಳಗೆ ಇನ್ನೊಂದು ಸಾಲು: ಇದಕ್ಕಾಗಿ ಏಪ್ರಿಲ್‌ನಿಂದ ಕಾದೆಯಾ? ಯಾಕೆ ನನ್ನನ್ನು ಕೇಳಲಿಲ್ಲ?

ಆಗಸ್ಟ್ ಎರಡನೇ ವಾರ ಇಸ್ತ್ರಿ ಹಲಗೆಯ ಮುಂದೆ ಕೂತು ಪ್ರಬಂಧ ಮಂಡಿಸಿದೆ. ಪಾಸಾದೆ, ಒಳ್ಳೆಯ ಅಂಕಗಳಲ್ಲೇ.

ಇವರು ಇಪ್ಪತ್ತೆರಡು ವರ್ಷ ಆ ದೇಶದಲ್ಲಿದ್ದವರು. ಸಹಿ ಬೇಡ ಎಂಬುದು ಗೊತ್ತಿದ್ದೂ ಕಾಯಿಸಿದರೋ, ಗೊತ್ತಿಲ್ಲದೆ ಕಾಯಿಸಿದರೋ, ನಾನು ಕೇಳಲು ಹೋಗಿಲ್ಲ. ಎರಡರಲ್ಲಿ ಯಾವುದಾದರೂ ಅವರಿಗೆ ಒಪ್ಪುತ್ತದೆ. ರುಖಿಯಾ ಒಮ್ಮೆ, "ಪಾಪ ಕಣೇ, ಆಫೀಸು ಮುಚ್ಚಿದ ಮೇಲೆ ಅವರ ಬಾಗಿಲಲ್ಲಿ ಕಾಯೋಕೆ ನೀನೊಬ್ಳೇ ಉಳಿದಿದ್ದೆ" ಎಂದಳು. ಇರಬಹುದು. ಅರ್ಥವಾಯಿತು ಎಂದ ಮಾತ್ರಕ್ಕೆ ಮನ್ನಿಸಬೇಕೆಂದೇನೂ ಇಲ್ಲ.

ಸೆಪ್ಟೆಂಬರಿನಲ್ಲಿ ಅಂಚೆಯಲ್ಲಿ ಒಂದು ದಪ್ಪ ಲಕೋಟೆ ಬಂತು. ಒಳಗೆ ನನ್ನ ಫಾರ್ಮು, ಹಸಿರು ಶಾಯಿಯ ಸಹಿಯೊಂದಿಗೆ, ಲ್ಯಾಮಿನೇಷನ್ ಮಾಡಿದ್ದು. ಇಂದಿಗೂ ನನ್ನ ಬಳಿ ಇದೆ. ಸೈಕಲ್ ಚೈನಿಗೆ ಎಣ್ಣೆ ಬಿಡುವಾಗ ನೆಲಕ್ಕೆ ಹಾಸುತ್ತೇನೆ. ಲ್ಯಾಮಿನೇಷನ್ ಗಟ್ಟಿಯಾಗಿದೆ, ಎಂಥ ಗ್ರೀಸ್ ಬಿದ್ದರೂ ಒರೆಸಿದರೆ ಹೋಗುತ್ತದೆ.

ಪದವಿ ಪ್ರದಾನ ಅಕ್ಟೋಬರಿನಲ್ಲಿ, ದೊಡ್ಡ ಸಭಾಂಗಣದಲ್ಲಿ ಹತ್ತೇ ಹತ್ತು ಜನ. ನನ್ನ ಪಾಲಿನ ಅತಿಥಿ ರುಖಿಯಾ. ಅವಳ ಕೈಯಲ್ಲಿದ್ದ ಮೊಬೈಲಿನೊಳಗೆ ಅಪ್ಪ, ಅಂಗಡಿಯಲ್ಲಿ, ಹಿಂದೆ ನೇತುಹಾಕಿದ ಟಯರುಗಳು. ಅವರವರ ಪೆನ್ನು ಅವರವರೇ ತರಬೇಕೆಂದು ಮೊದಲೇ ತಿಳಿಸಿದ್ದರು. ಪ್ರಾಧ್ಯಾಪಕಿ ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಬಾ ಎಂದು ಕೈ ತೋರಿದರು. ಆ ದೇಶದಲ್ಲಿ ಒಂದು ಪದ್ಧತಿ ಇದೆ: ಪದವಿ ಪಡೆಯುವವರೇ ತಮ್ಮ ಸರ್ಟಿಫಿಕೇಟಿಗೆ ಸಹಿ ಹಾಕಬೇಕು. ನನ್ನ ಪೆನ್ನು ತೆಗೆದು ಹಾಕಿದೆ. ನೀಲಿ ಶಾಯಿ. ಆಮೇಲೆ ಅದನ್ನು ಎತ್ತಿ ಮೊಬೈಲಿಗೆ ತೋರಿಸಿದೆ.

ಅಪ್ಪ ಬೆರಳನ್ನು ಅಂಗಿಗೆ ಒರೆಸಿಕೊಂಡು, ಪರದೆಗೆ ಮುಖ ತಂದು ನೋಡಿದ.

"ತೆಳಗ ಅದು ಯಾರ ಸಹಿ ಐತವ್ವಾ?"

"ನಂದ ಅಪ್ಪಾ. ಇಲ್ಲಿ ನಾವ ಹಾಕಬೇಕು."

ಹೊರಗೆ ಯಾರೋ ಸೈಕಲ್ ಬೆಲ್ಲು ಹೊಡೆದರು, ಅಪ್ಪ ತಿರುಗಿ ನೋಡಲಿಲ್ಲ.

"ನಿನ್ನ ಸಹೀನ ಸಾಕಿತ್ತನು? ಮತ್ತ ಇಷ್ಟ ದಿನಾ ಯಾರ ಬಾಗಲಾ ಕಾಯ್ಕೋತ ನಿಂತಿದ್ವಿ ನಾವು?"